ಮನೆ ನಂಬರ್ ನೂರಾ ಹದಿಮೂರು

ಸಿಂಧನೂರು ಬಿಟ್ಟು ಕಾಲುವೆ ದಾಟಿದರೆ ಬಂಗಾಲಿ ಕ್ಯಾಂಪು.
ಕೈಯಲ್ಲಿ ಪಟ್ಟಿ, ಜೇಬಿನಲ್ಲಿ ಸೀಮೆಸುಣ್ಣ,
ಶಾಲೆ ಬಿಡಿಸಿ ಸರ್ಕಾರ ಹಚ್ಚಿದ ಮನೆ ಎಣಿಸುವ ಕೆಲಸ.
ನೂರಾ ಹನ್ನೆರಡು ಬಾಗಿಲಿಗೆ ಬರೆದಾಗಿತ್ತು.
ಮೀನು ಹುರಿವ ವಾಸನೆಗೆ ಮೂಗು ಒಗ್ಗಿತ್ತು,
ಬಿಸಿಲಿಗೆ ನೆತ್ತಿ ಒಗ್ಗಿರಲಿಲ್ಲ.

ಮುಂದಿನ ಬಾಗಿಲಿಗೆ ಕೈ ಎತ್ತಿದೆ.
ಒಳಗಿಂದ ಬಂದ ಮುದುಕಿ ಮಣಿಕಟ್ಟು ಹಿಡಿದಳು,
ಎತ್ತಿನ ಮೂಗುದಾರ ಹಿಡಿದು ಗೊತ್ತಿದ್ದವರ ಹಿಡಿತ.
"ಬಾಗಿಲ ಮ್ಯಾಲ ಬ್ಯಾಡ, ಮಾಸ್ತರ.
ಹಾಳಿ ಮ್ಯಾಲ ಏನಾರ ಬರಕೋ.
ಬಾಗಿಲ ಮ್ಯಾಲ ಬ್ಯಾಡ."

ಹೆಸರು? ನಿಭಾರಾಣಿ ಹಾಲ್ದಾರ್.
ವಯಸ್ಸು? "ನೀನ ಹಾಕು," ನಕ್ಕಳು.
ಹುಟ್ಟಿದ ಊರು?
ಅವಳಂದದ್ದು ಕಿವಿಗೆ ಬಿತ್ತು, ಪೆನ್ನಿಗೆ ಬೀಳಲಿಲ್ಲ.
ಬಕುಲತಲಾ ಎಂದು ಬರೆದು ಓದಿದೆ. ಅಲ್ಲ.
ಬೊಕುಲ್ತೊಲಾ ಎಂದು ತಿದ್ದಿದೆ. ಅದೂ ಅಲ್ಲ.
ಅಕಾರಕ್ಕೂ ಒಕಾರಕ್ಕೂ ನಡುವೆ ಎಲ್ಲೋ ಇದೆ ಆ ಊರು,
ನಾನು ದಿನಾ ಮಕ್ಕಳಿಗೆ ತಿದ್ದಿಸುವ ಅಕ್ಷರಗಳಲ್ಲಿ
ಅದಕ್ಕೆ ಜಾಗವಿಲ್ಲ.
"ಬಕುಳದ ಗಿಡದ ಬುಡಕ ಇತ್ತು," ಅಂದಳು, "ಊರು."
ಇತ್ತು.

ಅಲ್ಲೂ ಒಬ್ಬ ಬಂದಿದ್ದನಂತೆ ಸುಣ್ಣ ಹಿಡಿದು.
ಸಂಜೆಗೆ ಶಂಖ ಊದುವ ಮನೆ ಯಾವುದು,
ತುಳಸಿಗೆ ದೀಪ ಇಡುವ ಅಂಗಳ ಯಾವುದು,
ನೋಡಿ ನೋಡಿ ಬಾಗಿಲಿಗೊಂದು ಗೀಟು.
ಲೆಕ್ಕ ಸರಿಯಾಗಿತ್ತು. ಒಂದು ಮನೆಯೂ ತಪ್ಪಲಿಲ್ಲ.
ಅವಳಿಗಾಗ ಒಂಬತ್ತು.
ಅದು ಕುಂಟಾಬಿಲ್ಲೆಯಂಥ ಯಾವುದೋ ಆಟವೆಂದುಕೊಂಡು
ಪಕ್ಕದಲ್ಲಿ ತಾನೂ ಒಂದು ಗೀಟು ಎಳೆದಳು.

ಮೂರನೆಯ ರಾತ್ರಿ ಹುಲ್ಲಿನ ಮಾಡು ಹತ್ತಿಕೊಂಡವು.
ತಾಯಿ ಅವಳನ್ನು ಹೊಂಡಕ್ಕೆ ನೂಕಿ ತಾನೂ ಇಳಿದಳು,
ತಲೆಯ ಮೇಲೆ ಅಂತರಗಂಗೆ,
ನೀರಿನ ಹೊರಗೆ ಮೂಗಷ್ಟೆ.
ಅಪ್ಪ ತಿರುಗಿ ಹೋದ, ಆಕಳ ಹಗ್ಗ ಬಿಚ್ಚಲಿಕ್ಕೆ.

ಆಕಳು ಬಂತು.
ಬೆಳಗಿನತನಕ ದಂಡೆಯಲ್ಲಿ ನಿಂತು ಒದರಿತು,
ಕೊರಳಲ್ಲಿ ಮೊಳದುದ್ದ ಹಗ್ಗ.

"ಯಾರಂತ ಗುರುತು ಸಿಗಲಿಲ್ಲೇನು?"
"ಮಾರಿಗೆ ಅರಿವಿ ಕಟ್ಟಿದ್ರು. ಒಬ್ಬಾಂವ ಕೆಮ್ಮಿದ.
ಆ ಕೆಮ್ಮು ನಮ್ಮ ಪಡಸಾಲ್ಯಾಗ ಎಷ್ಟ ಸಂಜಿ ಕುಂತಿತ್ತು,
ಅಪ್ಪನ ತಂಬಾಕ ಸೇದಿಕೋತ."

ಹೋದ ವರ್ಷ ಮೈಕು ಹಿಡಿದವರು ಬಂದಿದ್ದರಂತೆ.
ಇನ್ನೊಂದು ಸಲ ಹೇಳು, ಜೋರಾಗಿ ಹೇಳು, ಅತ್ತುಕೋತ ಹೇಳು.
ಕೆಮ್ಮಿನ ಮಾತು ತೆಗೆದಾಗ ಮೈಕು ಆರಿಸಿದರು.
ಅದಕ್ಕೆ ಮೊದಲಿನ ಐವತ್ತು ವರ್ಷ ಯಾರೂ ಕೇಳಿರಲೇ ಇಲ್ಲ.
ಇದೇ ತಾಲೂಕಿನವ ನಾನು. ನಾನೂ ಕೇಳಿರಲಿಲ್ಲ.
ಮೀನು ಮಾತ್ರ ಕೊಳ್ಳುತ್ತಿದ್ದೆ, ತೂಕದಲ್ಲಿ ಜಗಳಾಡಿ.

ಮಾನಾ ಎಂಬಲ್ಲಿ ಡೇರೆಯೊಳಗೆ ವರ್ಷಗಟ್ಟಲೆ.
ಆಮೇಲೆ ರಾಯಚೂರು ಸ್ಟೇಶನ್ನು, ಲಾರಿ, ಎರಿ ಮಣ್ಣು, ಜಾಲಿ.
ಬಾವಿ ಕಟ್ಟೆಯಲ್ಲಿ ಯಾರೋ "ಸರಿ" ಅಂದರು.
ಸರಿ ಅಂದರೆ ಒಪ್ಪಿಗೆ ಎಂದು ಯಾರೋ ಕಲಿಸಿದ್ದರು.
ಕೊಡ ಹಿಡಿದು ನಿಂತೇ ಇದ್ದಳು.
ಮತ್ತೆ ಅಂದರು: "ಏ, ಸರಿ ಸರಿ, ಆಕಡಿ ಸರಿ."
ಹೇಳಿ ತಾನೇ ನಕ್ಕಳು, ಸೆರಗಿನಿಂದ ಬಾಯಿ ಮುಚ್ಚಿ.
ಶಂಖದ ಬಳೆ ತೆಗೆದ ಕೈ ತೆಳ್ಳಗೆ ಕಂಡಿತು.

ನಂಬರ್ ಹಾಕದೆ ಹೋದರೆ ಮೇಲಿನವರು ಬೈಯುತ್ತಾರೆ, ಅಂದೆ.
ಯೋಚಿಸಿದಳು. ಹಿತ್ತಲಿಗೆ ಕರೆದೊಯ್ದು
ಆಕಳು ಕಟ್ಟುವ ಗೂಟ ತೋರಿಸಿದಳು.
ಆಕಳು ಕಾಲುವೆ ಕಡೆ ಮೇಯಲು ಹೋಗಿತ್ತು.
ಗೂಟದಲ್ಲಿ ಹಗ್ಗ: ಒಂದೇ ಎಳೆತಕ್ಕೆ ಬಿಚ್ಚುವ ಗಂಟು.
"ಬ್ಯಾರೆ ಗಂಟು ನಮ್ಮ ಮನ್ಯಾಗ ಯಾರೂ ಹಾಕಂಗಿಲ್ಲ."
ಮಂಡಿಯೂರಿ ಬರೆದೆ. ೧೧೩.

ರಾತ್ರಿ ಮನೆಗೆ ಬಂದು ಬೀಗ ತೆಗೆಯುವಾಗ
ಚೌಕಟ್ಟಿನ ಮೇಲೆ ನಮ್ಮದೂ ಒಂದು ನಂಬರು ಕಂಡಿತು,
ಹಿಂದಿನ ಯಾವುದೋ ಎಣಿಕೆಯದು, ನೀಲಿ.
ಇಷ್ಟು ವರ್ಷ ಅದರ ಕೆಳಗೇ ಓಡಾಡಿದ್ದೇನೆ.
ಒದ್ದೆ ಬಟ್ಟೆ ತಂದು ತಿಕ್ಕಿದೆ.
"ಏನ್ರೀ ಅದು, ಇಷ್ಟೊತ್ತಿನ್ಯಾಗ?" ಒಳಗಿಂದ ಹೆಂಡತಿ.
ಪೇಂಟು. ಹೋಗಲಿಲ್ಲ.