ನಾಲ್ಕು ಗೆರೆ

ನಮ್ಮ ಸಿನೋಡಿನ ಫಾರಂ ಬಂದಿದೆ, ಹೋದ ವರ್ಷದ್ದೇ ಹಾಳೆ,
ಇಸವಿ ಮಾತ್ರ ತಿದ್ದಿದ್ದಾರೆ.
ದೀಕ್ಷಾಸ್ನಾನ: ಒಂದು. ಮದುವೆ: ಇಲ್ಲ.
ಶವಸಂಸ್ಕಾರ: ಹತ್ತೊಂಬತ್ತು.
ಕೆಳಗೆ ನಾಲ್ಕು ಗೆರೆ ಜಾಗ ಬಿಟ್ಟು ಕೇಳಿದ್ದಾರೆ,
'ಹೊರದೇಶದಲ್ಲಿ ಸಭೆಯ ಸ್ಥಿತಿ.'

ಮೊದಲ ವರ್ಷವಾಗಿದ್ದರೆ ನಾಲ್ಕು ಸಾಕಿತ್ತು.
ಆಗ ನನ್ನ ಬಾಯಲ್ಲಿ ಕೆಂಡ.
ವೇಸರ್ ನದಿ ಕಡಲಿಗೆ ಕೂಡುವ ಈ ಕೆಸರು ಬಯಲಿಗೆ
ಕೇಟಾದ ಮರಳಿನಿಂದ ಬಂದಿಳಿದವನು
ಮುನ್ನೂರು ಜನ ಕೂರುವ ಇಟ್ಟಿಗೆಯ ಚರ್ಚಿನಲ್ಲಿ
ಒಂಬತ್ತು ತಲೆ ಎಣಿಸಿದೆ, ಒಂಬತ್ತೂ ನರೆತವು.
ಪೀಠ ಗುದ್ದಿ ಕೇಳಿದೆ:
ನಿಮ್ಮ ಅಜ್ಜಂದಿರು ನಮ್ಮ ದಡದಲ್ಲಿ ಹಚ್ಚಿಟ್ಟ ದೀಪ
ನಿಮ್ಮ ಮನೆಯಲ್ಲೇ ಹೇಗೆ ಆರಿತು?
ಯಾರೂ ಸಿಟ್ಟಾಗಲಿಲ್ಲ. ಅದೇ ನೋವು.
ಬಾಗಿಲಲ್ಲಿ ಕೈಕುಲುಕಿ ಗೇಶೆ ತಾಮನ್ ಅಂದಳು,
'ಪಾಸ್ಟರ್, ನಿಮ್ಮ ಬೂಟು ತೆಳುವು. ಇಲ್ಲಿಯ ನೆಲಕ್ಕಾಗದು.'
ಬುಧವಾರ, ತೀರಿಕೊಂಡ ಗಂಡನ ಬೂಟು ತಂದಿಟ್ಟಳು,
ತುದಿಗೆ ಹಳೆಯ ಪತ್ರಿಕೆ ತುರುಕಿ, ಅಳತೆ ಸರಿಮಾಡಿ.

ಆ ಅಜ್ಜಂದಿರ ಗೋರಿ ನಾನು ಬಲ್ಲೆ.
ಬಂದ ಎರಡು ವರ್ಷಕ್ಕೆ, ಕೆಲವರು ಎರಡೇ ತಿಂಗಳಿಗೆ,
ಜ್ವರದಲ್ಲಿ ಬೆಂದು ನಮ್ಮ ಮರಳಲ್ಲಿ ಮಲಗಿದವರು.
ಅವರ ಹೆಸರಿನ ಕಲ್ಲಿನ ಮೇಲೆ ನಾವು ಮೀನು ಒಣಗಿಸುತ್ತಿದ್ದೆವು.
ಆಮೇಲೆ ಕಡಲು ಬಂತು. ಮಳೆಗಾಲಕ್ಕೊಂದು ಬೀದಿ.
ಕಲ್ಲು, ಶಾಲೆ, ತಾಯಿಯ ಅಡುಗೆಮನೆ,
ಕೊನೆಗೆ ಚರ್ಚಿನ ಗೋಡೆ.
ಬೆಂಚು ಹೊತ್ತು ಹಿಂದೆ ಸರಿದೆವು,
ತೆಂಗಿನ ಗರಿಯ ಕೆಳಗೆ ನಿಂತು ಹಾಡಿದೆವು,
ದನಿ ತಗ್ಗಲಿಲ್ಲ.

ಇಲ್ಲಿ ಕಡಲಿಗೆ ಏರಿ ಕಟ್ಟಿದ್ದಾರೆ, ಎಂಟು ಮೀಟರು.
ಗೋಡೆಗೆ ಬಿರುಕಿಲ್ಲ. ಬೆಂಚಿನಡಿ ಬೆಚ್ಚಗಿನ ಕೊಳವೆ.
ಇಳಿದದ್ದು ಜನ,
ಒಬ್ಬೊಬ್ಬರೇ, ಕಚೇರಿಗೆ ಹೋಗಿ ಸರದಿಯಲ್ಲಿ ನಿಂತು
ಶುಲ್ಕ ಕಟ್ಟಿ, ಸಹಿ ಹಾಕಿ, ಹೆಸರು ಹೊಡೆಸಿ.

ನವೆಂಬರಿನ ಒಂದು ರಾತ್ರಿ ಗೇಶೆ ಕದ ಬಡಿದಳು:
'ಕರೆಂಟು ಹೋಯಿತು. ಗಂಟೆ ಕೈಯಲ್ಲೇ ಎಳೆಯಬೇಕು,
ನನಗೀಗ ತೋಳಿಲ್ಲ.'
ಎಳೆದೆ. ಅಂಗೈ ಸುಲಿಯಿತು.
ಪ್ರಸಂಗಕ್ಕೆ ಬಾರದ ಊರು ಗಂಟೆಗೆ ಬಂತು.
ಏರಿಯ ಮೇಲೆ ಹೆಸರು ಹೊಡೆಸಿದವರೆಲ್ಲ:
ಬ್ಯಾಂಕಿನ ಓನ್ನೋ, ನನ್ನ ಕಂಡರೆ ದಾರಿ ಬದಲಿಸುವ ಮೇಷ್ಟ್ರು,
ಬೇಸಿಗೆಯಲ್ಲಷ್ಟೇ ಬಂದ ಎರಿಟ್ರಿಯದ ಹುಡುಗ ತೆಸ್ಫಾಲೆಮ್,
ಕೈಯಿಂದ ಕೈಗೆ ಮರಳಿನ ಚೀಲ.
ನಸುಕಿಗೆ ನೀರಿಳಿಯಿತು. ಯಾರೋ ಥರ್ಮಾಸು ಬಿಚ್ಚಿದರು.
ಒಂದೇ ಮುಚ್ಚಳ, ಎಲ್ಲರ ತುಟಿಗೂ ಹೋಗಿ ಬಂತು.

ಇದೇ ಸಭೆ ಎಂದು ಬರೆದುಬಿಡಬಹುದು,
ಅಲ್ಲಿ ಓದುವವರು ಕಣ್ಣೊರೆಸಿಕೊಂಡಾರು.
ಬರೆಯಲಾರೆ. ಓನ್ನೋನನ್ನೇ ಕೇಳಿದ್ದೆ.
'ಏರಿ ಅಂದರೆ ಏರಿ, ಪಾಸ್ಟರ್. ನಡುವೆ ದೇವರನ್ನು ಎಳೆಯಬೇಡಿ.'
ಆ ಭಾನುವಾರ ಏಳು ಜನ.
ಇಬ್ಬರಿಗೆ ನೆಗಡಿ.

ಊರಿನಲ್ಲೋ, ಪ್ಲಾಸ್ಟಿಕ್ ಕುರ್ಚಿ ಸಾಲದೆ ಬೀದಿಗೆ ಚೆಲ್ಲಿದ ಜನ.
ಕಾಣಿಕೆಯ ಮೊತ್ತ ಮೈಕಿನಲ್ಲಿ ಕೂಗುವ ನನ್ನ ಸಹಪಾಠಿ ಡೋಟ್ಸೆ,
ಅವನ ಎರಡನೆಯ ಕಾರು.
ಯಾರು ಯಾರ ಬಳಿಗೆ ಸುವಾರ್ತೆ ಒಯ್ಯಬೇಕೋ
ರಾತ್ರಿ ಎಚ್ಚರವಾದರೆ ಲೆಕ್ಕ ತಪ್ಪುತ್ತದೆ.

ಸರಿ, ಬರೆಯುತ್ತೇನೆ:
ಗೋಪುರದ ಗಡಿಯಾರ ನಾಲ್ಕು ನಿಮಿಷ ಹಿಂದಿದೆ, ಶುಕ್ರವಾರ ಗೇಶೆ ಕೀಲಿ ಕೊಡುತ್ತಾಳೆ.
ದೀಕ್ಷಾಸ್ನಾನ ಮೇಷ್ಟ್ರ ಮೊಮ್ಮಗಳಿಗೆ. ಆತ ಒಳಗೆ ಬರಲಿಲ್ಲ,
ಮಂಜಿನಲ್ಲಿ ನಿಂತಿದ್ದ, ಟೋಪಿ ತೆಗೆದು ಕೈಯಲ್ಲಿ ಹಿಡಿದು.
ಬರುವವರ ಕೈಲಿ ಒಂದಿಷ್ಟು ಒಣಮೀನು ಕಳಿಸಿ.
ಗೇಶೆಗೆ ಅದರ ವಾಸನೆ ಆಗದು, ಆದರೂ ತಿನ್ನುತ್ತಾಳೆ.