ಎತ್ತಿನ ಜ್ವರ

ಹದಿನಾಲ್ಕು ವರ್ಷ, ಒಂದೇ ಮೇಜಿನ ಮುಂದೆ.
ಬಲಗಾಲ ಮೇಲೆ ಇಡೀ ಮೈಯ ಭಾರ,
ಎಡಗಾಲು ಪೆಡಲಿನ ಮೇಲೆ. ಒತ್ತಿದರೆ
ಮೇಜು ಉಸಿರು ಒಳಗೆಳೆದುಕೊಳ್ಳುತ್ತದೆ,
ದಿಶ್ದಾಶದ ಬಿಳಿ ಬಟ್ಟೆ ಅಂಟಿ ಕೂರುತ್ತದೆ.
ಕೊರಳ ಗೊಂಡೆಗೆ ಕಾವು ತಾಗಬಾರದು.
ತಾಗಿದರೆ ಅದರೊಳಗಿನ ಹಳೆಯ ಅತ್ತರು ಎದ್ದು
ರೂವಿಯ ಈ ಓಣಿಯನ್ನೆಲ್ಲ ಮದುವೆಮನೆ ಮಾಡುತ್ತದೆ.

ಈದ್‌ಗೆ ಎರಡು ದಿನ ಮುಂಚೆ, ಮುನ್ನೂರು ಅಂಗಿಗಳ ನಡುವೆ,
ಬಿದ್ದ ಹ್ಯಾಂಗರ್ ಎತ್ತಲು ಬಗ್ಗಿದವನು
ಏಳಲಿಲ್ಲ.
"ಅಣ್ಣ ಏನೋ ಹುಡುಕ್ತಾ ಇದ್ದಾರೆ"
ಎಂದ ಮೊಯ್ದುಟ್ಟಿ, ಬಂದ ಗಿರಾಕಿಗೆ.

ಆಮೇಲೆ ಬೆನ್ನಿಗೆ ಏನೇನು ಮಾಡಲಿಲ್ಲ!
ಮೂಗು ಉರಿಯುವ ಮುಲಾಮು,
ಬಂದರಿನ ಕೆಲಸದವನೊಬ್ಬನ ಹಳೆಯ ಬೆಲ್ಟು,
ಇಸ್ತ್ರಿಯ ಹಬೆಯನ್ನೇ ಟವೆಲಿಗೆ ಹಿಡಿದು ಶಾಖ.
ಒಂದು ಸ್ಕ್ಯಾನು. ಅದರಲ್ಲಿ ನಲವತ್ತಾರರ ಬೆನ್ನು
ನಲವತ್ತಾರರ ಬೆನ್ನಿನ ಹಾಗೇ ಇತ್ತು.
ವಿಮೆಯವರು ಆರು ಸಲ ಫಿಜಿಯೊಥೆರಪಿಗೆ ಒಪ್ಪಿದರು,
ಸಲಕ್ಕೆ ಮೂರು ರಿಯಾಲು ನನ್ನದು.

ಬದ್ರಿಯಾ ಅಂತ. ಹುಟ್ಟಿದ್ದು ನಿಜ್ವಾ, ಅಜ್ಜಿ ಝಾಂಜಿಬಾರಿನವಳು,
ಹಿಂದಿ ಕಲಿತದ್ದು ನನ್ನಂಥ ನೋವಿನವರಿಂದ.
"ಕಮರ್‌ನಲ್ಲೋ, ಕೂಲ್ಹೆಯಲ್ಲೋ?" ಎಂದಳು.
ನನ್ನಲ್ಲಿ ಎರಡಕ್ಕೂ ಇದ್ದದ್ದು ಒಂದೇ ಮಾತು: ಸೊಂಟ.
ನೋಯುವುದೂ ಅದೇ, ಪಟ್ಟಿ ಬಿಗಿಯುವುದೂ ಅದಕ್ಕೇ,
ಮಗು ಕೂರುವುದೂ ಅದರ ಮೇಲೆಯೇ.
ನುಡಿ ಬೇರೆ ಮಾಡದ್ದನ್ನು ನಾನು ಹೇಗೆ ಬೇರೆ ಮಾಡಲಿ?
ಬೆರಳಿಟ್ಟು ತೋರಿಸಿ ಎಂದಳು. ಬೆನ್ನ ಬುಡ ತೋರಿಸಿದೆ.

ಅವಳು ಬೆನ್ನು ಮುಟ್ಟಲೇ ಇಲ್ಲ.
ಅಂಗಾತ ಮಲಗಿಸಿ, ಬಲಮಂಡಿಯನ್ನು ಎದೆಯ ಕಡೆ ಮಡಚಿ,
ಪಾದವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದಳು.
ಉಪ್ಪುಗಾಳಿಗೆ ತುಕ್ಕು ತಿಂದ ಬಾಗಿಲ ಕೀಲು.
ಅಲ್ಲೇ ನಿಂತಿತು. ತೊಡೆಸಂದಿಯಲ್ಲಿ
ನನಗೆ ಪರಿಚಯವೇ ಇಲ್ಲದ ನೋವೊಂದು ಕಣ್ಣುಬಿಟ್ಟಿತು.
ಪ್ಲಾಸ್ಟಿಕ್ಕಿನ ಮೂಳೆ ತಂದಳು:
ಒಂದು ಬಟ್ಟಲು, ಬಟ್ಟಲೊಳಗೆ ಗುಂಡು.
"ಇದು ತಿರುಗೋದು ಬಿಟ್ಟಿದೆ. ಇದರ ಪಾಲಿನ ಕೆಲಸ
ಮೇಲಿನವನು ಮಾಡ್ತಿದ್ದಾನೆ. ಅವನಿಗೆ ದಣಿವು, ಅಷ್ಟೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!
ಹಿಂದಿಯಲ್ಲಿ ಹೇಳಹೊರಟು ಎಮ್ಮೆಯ ಹತ್ತಿರ ತಡವರಿಸಿದೆ.
ಅವಳು ಒಂಟೆ ಎಂದುಕೊಂಡು ನಕ್ಕಳು.
ಇರಲಿ. ಒಂಟೆಗೂ ಸಲ್ಲುವ ಮಾತೇ.

ಮನೆಪಾಠ ಬೇರೆ. ಮಗ್ಗುಲಾಗಿ ಮಲಗಿ, ಹಿಮ್ಮಡಿ ಜೋಡಿಸಿ,
ಮೇಲಿನ ಮಂಡಿಯನ್ನು ಚಿಪ್ಪು ತೆರೆದಂತೆ ತೆರೆಯುವುದು,
ಹದಿನೈದು ಸಲ. ಕೋಣೆಯಲ್ಲಿ ಆರು ಜನ.
ಮೇಲಿನ ಮಂಚದಿಂದ ಮೊಯ್ದುಟ್ಟಿ ಎಣಿಸುತ್ತಾನೆ,
ಹತ್ತಾದ ಮೇಲೆ ಬೇಕೆಂದೇ ಏಳಕ್ಕೆ ಬರುತ್ತಾನೆ.
ಮಾಲೀಕರು ಪೆಡಲನ್ನು ಆಚೆಗೂ ಈಚೆಗೂ ಸರಿಯುವಂತೆ ಮಾಡಿಸಿದರು,
ಮೂರು ವಾರ ಕೇಳಿದ ಮೇಲೆ.
ಆರನೆಯ ಸಲವೂ ಮುಗಿಯಿತು. ನೋವು ಹೋಯಿತೇ?
ಇಲ್ಲ. ಆದರೆ ಈಗ ಅದರ ವಿಳಾಸ ಸರಿಯಾಗಿದೆ.

ನಿನ್ನೆ ಹಮೂದ್ ಸಾಹೇಬರ ದಿಶ್ದಾಶ ಮೇಜಿಗೆ ಬಂತು.
ಕೆಳ ಅಂಚಿನ ಎಡಗಡೆ ಮಾತ್ರ ಸವೆದ ದಾರ,
ಒಗೆದರೂ ಬಿಡದ ನೆಲದ ಕೊಳೆ.
ಬಲಗಡೆ ಹೊಸದರ ಹಾಗೆ.
ದರ್ಜಿಯ ತಪ್ಪಿರಬೇಕೆಂದು ಎರಡೂ ಬದಿ ಸೇರಿಸಿ ಅಳೆದೆ. ಸಮ.
ಕಳೆದ ವಾರದ್ದೂ ಹೀಗೇ ಇತ್ತು, ಅದರ ಹಿಂದಿನದೂ.

ಸಂಜೆ ಒಯ್ಯಲು ಬಂದವರು ಕೌಂಟರಿಗೆ ಕೈಯೂರಿ,
ಇನ್ನೊಂದು ಕೈಯನ್ನು ಹಿಂದೆ ಒತ್ತಿಕೊಂಡು
"ಬೆನ್ನು" ಎಂದರು ಅರಬಿಯಲ್ಲಿ,
ತಪ್ಪೊಪ್ಪಿಕೊಳ್ಳುವವರ ಹಾಗೆ.
ಮಡಚಿ ಪ್ಯಾಕು ಮಾಡಿದ್ದ ಅಂಗಿಯನ್ನು ಬಿಡಿಸಿ
ಅಂಚನ್ನು ಅವರ ಮುಂದೆ ಹರಡಿದೆ.