ಏಳನೇ ಸುತ್ತು

ಮುನಿಚೌಡಪ್ಪನ ಮೋಟಾರು ಮತ್ತೆ ಬಂದಿದೆ
ಲಗೇಜ್ ಆಟೋದಲ್ಲಿ, ಗೋಣಿಚೀಲ ಹೊದ್ದು,
ಸುಟ್ಟ ವಾರ್ನಿಷ್ಷಿನ ವಾಸನೆ ಹೊತ್ತು.
ಏಳೂವರೆ ಎಚ್‌ಪಿ. ಹೊಟ್ಟೆಯ ಮೇಲೆ ನಾನೇ
ಬಿಳಿ ಪೇಂಟಿನಲ್ಲಿ ಎಳೆದ ಆರು ಗೀಟು.

"ರಾತ್ರಿಯೊಳಗೆ ಬೇಕು ಸಾದಿಕ್,
ನಾಳೆ ಬೆಳಿಗ್ಗೆ ಹತ್ತು ಸಾವಿರ ಸ್ಪ್ರಿಂಗು ಹೋಗಬೇಕು."
ಪ್ರತಿ ಸಲವೂ ನಾಳೆ ಬೆಳಿಗ್ಗೆಯೇ.
ಪೀಣ್ಯ ಎರಡನೇ ಹಂತದಲ್ಲಿ ನಾಡಿದ್ದು ಅನ್ನುವ ದಿನ
ಯಾರ ಕ್ಯಾಲೆಂಡರಿನಲ್ಲೂ ಅಚ್ಚಾಗಿಲ್ಲ.

ನಾನು ಬಲ್ಲೆ: ತಾಮ್ರ ಕಿತ್ತು, ಬೆಂಕಿ ಕೊಟ್ಟು
ಹೊಸ ತಂತಿ ತುಂಬಿದಾಗೆಲ್ಲ
ಇದರ ಹಸಿವು ಒಂದು ತುತ್ತು ಹೆಚ್ಚುತ್ತದೆ,
ದುಡಿಮೆ ಮಾತ್ರ ಅಷ್ಟೇ.
ಅವನಿಗೂ ಗೊತ್ತು. ಗೊತ್ತಿರುವುದು ಒಂದು,
ನಲವತ್ತು ಸಾವಿರ ಒಟ್ಟಿಗೆ ಎಣಿಸುವುದು ಇನ್ನೊಂದು.
ನನ್ನ ಕೂಲಿ ನಾಲ್ಕು ಸಾವಿರ,
ಅದೂ ಅರ್ಧ ಈಗ, ಅರ್ಧ ಪಾರ್ಟಿ ಕೊಟ್ಟ ಮೇಲೆ.
ಉಳಿದದ್ದನ್ನು ಕರೆಂಟು ಬಿಲ್ಲು ತಿಂಗಳು ತಿಂಗಳು
ಬಡ್ಡಿ ಅನ್ನದೆ ವಸೂಲು ಮಾಡಿಕೊಳ್ಳುತ್ತದೆ.

ಬ್ಯಾಂಕಿನವರು ಮೂರು ವರ್ಷದ ಲೆಕ್ಕಪತ್ರ ಕೇಳಿದರಂತೆ.
ಶೆಡ್ಡಿನ ಮಾಲೀಕ, ಸೋಲಾರ್ ಅಂದ ಕೂಡಲೇ,
"ಮಾಡು ನಂದು. ಬಿಸಿಲು ನಿಂದಾ?" ಅಂದನಂತೆ.
ಕರಾರು ಹನ್ನೊಂದು ತಿಂಗಳಿನದು.
ಅದರಾಚೆ ಉಳಿಯುವ ದುಡ್ಡು ಯಾರ ಜೇಬಿಗೆ?

ಮೊನ್ನೆ ಒಬ್ಬಳು ಹುಡುಗಿ ಬಂದಿದ್ದಳು,
ಡಿಪ್ಲೊಮಾ ಓದುವವಳು, ಯಶೋಮತಿ,
ಮೀಟರಿನ ಜೊತೆ ಒಂದು ಮಗ್ಗು ಸೋಪುನೀರು ಹಿಡಿದು.
ಕಂಪ್ರೆಸರಿನ ಪೈಪಿನ ಗಂಟುಗಂಟಿಗೂ ಹಚ್ಚಿದಳು.
ನೊರೆ ಎದ್ದಿತು, ಉಬ್ಬಿತು,
ಗುಳ್ಳೆಗಳು ಪ್ರೆಸ್ಸಿನ ಮೇಲೆ ಬಣ್ಣ ತಿರುಗಿಸುತ್ತ ಹೋದವು.
ಹುಡುಗರು ನಕ್ಕರು. ಮುನಿಚೌಡಪ್ಪ ನಗಲಿಲ್ಲ.
ಹದಿನಾಲ್ಕು ವರ್ಷ ಆ ಉಸ್ಸೆನ್ನುವುದನ್ನು
ಕಾರ್ಖಾನೆಯ ಉಸಿರು ಅಂದುಕೊಂಡಿದ್ದ.

ಇಪ್ಪತ್ತು ರೂಪಾಯಿಯ ಬಿಳಿ ಟೇಪು, ಎರಡು ವಾಷರು.
ಅವತ್ತು ರಾತ್ರಿ ಶೆಡ್ಡು ಎಷ್ಟು ಸುಮ್ಮನಿತ್ತೆಂದರೆ
ಪಕ್ಕದ ಪೌಡರ್ ಕೋಟಿಂಗಿನ ಕುಮುದಮ್ಮ ಬಂದು
"ಏನು, ಬಾಗಿಲು ಹಾಕಿಬಿಟ್ರಾ?" ಅಂದಳು.
ಮಾರನೇ ದಿನ ಅವಳೂ ಸೋಪು ಕಲಸಿದಳು.
ಸಂಘದ ಆಫೀಸಿನ ಗೋಡೆಯ 'ವಿದ್ಯುತ್ ಉಳಿಸಿ'
ಇಬ್ಬರೂ ಎಷ್ಟೋ ವರ್ಷದಿಂದ ಓದುತ್ತಲೇ ಇದ್ದರು.

ಮೋಟಾರು ಸೋಪಿಗೆ ಬಗ್ಗುವ ಜಾತಿಯದಲ್ಲ.
ನನ್ನ ಬೆಂಚಿನ ಮೇಲೆ ಹೊಟ್ಟೆ ತೆರೆದು ಕೂತಿದೆ.
ಹೇಳಲೇ, ಸಾಕು ಅಣ್ಣ, ಹೊಸದು ತಗೋ ಅಂತ?
ಹೇಳಿದರೆ ಅವನ ಬಿಲ್ಲು ಇಳಿಯುತ್ತದೆ.
ನನ್ನ ಮಗಳ ಸ್ಕೂಲು ವ್ಯಾನಿನ ದುಡ್ಡೂ
ಇದೇ ಸುರುಳಿಯಲ್ಲಿ ಸುತ್ತಿಕೊಂಡಿದೆ.

ಸುತ್ತಿದೆ.
ಇನ್ನೂರು ವ್ಯಾಟಿನ ಬಲ್ಬಿನ ಕಾವಿಗೆ ಒಣಗಿಸಿದೆ.
ಹನ್ನೊಂದೂಮುಕ್ಕಾಲಿಗೆ ಓಡಿತು.
ಏಳನೇ ಗೀಟಿಗೆಂದು ಬ್ರಷ್ಷು ಅದ್ದಿದವನು
ಅವನ ಜೇಬಿನಿಂದ ಬಿಲ್ಲು ಇಸಕೊಂಡು
ಹೋದ ತಿಂಗಳ ಯೂನಿಟ್ಟು ಬರೆದೆ, ದಪ್ಪಗೆ,
ಮುಂದಿನ ತಿಂಗಳದ್ದಕ್ಕೆ
ಪಕ್ಕದಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು.
ಅವನು ನೋಡಿದ. ಏನೂ ಕೇಳಲಿಲ್ಲ.
ಗೋಣಿಚೀಲ ಮಾತ್ರ ಮತ್ತೆ ಹೊದಿಸಲಿಲ್ಲ.